ನಾನು, ಕ್ಯಾಪ್ಟನ್ ಕೃತ್ತಿಕಾಳ ಹೆಲ್ಮೆಟ್

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೋದ ಮರುದಿನ, ಬೀದಿಯ ತಿರುವಿನಲ್ಲಿ ಕಸದ ಗಾಡಿಯ ಹಾಡು ಕೇಳಿಸಿತು. ನಲ್ಲಿಯಲ್ಲಿ ನೀರು ಬಂದಿತ್ತು. ಹಾಲು ಕಾದಿತ್ತು. ದಾಕ್ಷಾಯಿಣಿ ಕಾಲೇಜಿಗೆ ಉಡುವ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಅವಳ ಗಂಡ ರುದ್ರೇಶನನ್ನು ಮಣ್ಣು ಮಾಡಿದ ಮೇಲೆ ಆ ಮನೆಗೆ ಬಂದ ಮೊದಲ ಮಾಮೂಲಿ ಬೆಳಗು ಅದು.

ರುದ್ರೇಶನ ಅಕ್ಕ ಗಿರಿಜಕ್ಕ ಇನ್ನೂ ಊರಿಗೆ ಹೋಗಿರಲಿಲ್ಲ. ಒಣಗಿದ ಹಾರ, ಹಳೆಯ ಪೇಪರು, ಮುರಿದ ಊದುಬತ್ತಿ ಎಲ್ಲವನ್ನೂ ಬುಟ್ಟಿಗೆ ತುಂಬಿ, ಕೊನೆಗೆ ಫ್ರಿಜ್ಜಿನ ಮೇಲಿದ್ದ ನನ್ನನ್ನೂ ಎತ್ತಿಕೊಂಡರು.

“ಇದ್ಯಾತರ ಡಬ್ಬಾನೇ? ಅರ್ಧ ಬಿಚ್ಚಿ ಬಿಸಾಕಿದಾನೆ. ಗಾಡಿಗೆ ಹಾಕ್ಬಿಡ್ತೀನಿ.”

“ಅದು ನಮ್ಮದಲ್ಲ ಅಕ್ಕ.”

“ಯಾರದ್ದಾದ್ರೇನು, ಈಗ ಯಾರು ಕೇಳ್ತಾರೆ?”

“ಅವರು ಕೇಳ್ಕೊಂಡು ತಂದಿದ್ದು. ಇಡಿ.”

ದಾಕ್ಷಾಯಿಣಿ ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತದೆ ಹೇಳಿದಳು. ಗಿರಿಜಕ್ಕ ನನ್ನನ್ನು ಮತ್ತೆ ಫ್ರಿಜ್ಜಿನ ಮೇಲೆ ಕುಕ್ಕಿದರು. ಗಾಡಿ ಹಾಡುತ್ತ ಮುಂದಿನ ಬೀದಿಗೆ ಹೋಯಿತು.

ಡಬ್ಬಾ ಎಂದು ಕರೆಸಿಕೊಂಡದ್ದು ನನಗೆ ಅದೇ ಮೊದಲಲ್ಲ. ಅದರಿಂದ ಬೇಸರವೂ ಇಲ್ಲ. ನಾನು ಯಾರೆಂದು ನನಗೆ ಚೆನ್ನಾಗಿ ಗೊತ್ತು. ನಾನು ಒಂದು ಹೆಲ್ಮೆಟ್. ಸ್ಕೂಟರಿನವರದಲ್ಲ, ಗಗನನೌಕೆಯ ನಾಯಕಿಯದು. ‘ಒಂಬತ್ತನೇ ಗ್ರಹದಾಚೆ’ ಎಂಬ ಟೀವಿ ಧಾರಾವಾಹಿಯಲ್ಲಿ ಕ್ಯಾಪ್ಟನ್ ಕೃತ್ತಿಕಾ ಎಂಬವಳಿದ್ದಳು. ಅವಳು ನೌಕೆಯ ಬಾಗಿಲು ತೆರೆದು ಹೊರಗೆ ಕಾಲಿಟ್ಟಾಗಲೆಲ್ಲ ಅವಳ ತಲೆಯ ಮೇಲಿದ್ದವನು ನಾನೇ.

ಹುಟ್ಟಿದ್ದು ಬೆಂಗಳೂರಿನ ಒಂದು ಸ್ಟುಡಿಯೋದ ಹಿಂದಿನ ತಗಡಿನ ಶೆಡ್ಡಿನಲ್ಲಿ. ಸೆಟ್ಟಿನ ಸಾಮಾನು ಮಾಡುತ್ತಿದ್ದ ಆರೋಗ್ಯಸ್ವಾಮಿ ಹಳೆಯ ಸ್ಕೂಟರ್ ಹೆಲ್ಮೆಟ್ಟೊಂದರ ಮುಂಭಾಗ ಕೊಯ್ದು, ಅಲ್ಲಿ ಬಾಗಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕೂರಿಸಿದ. ಮೈಗೆ ಬೆಳ್ಳಿ ಬಣ್ಣ ಬಳಿದ. ಎರಡು ಟೀ ಸೋಸುವ ಜಾಲರಿಗಳು ನನ್ನ ಕಿವಿಗಳಾದವು. ನೆತ್ತಿಯ ಮೇಲೆ ಸೈಕಲ್ ದೀಪ, ಹಿಂಬದಿಯಲ್ಲಿ ಸೆಲ್ಲು. ಸ್ವಿಚ್ಚು ಒತ್ತಿ ದೀಪ ಹೊತ್ತಿಸಿದಾಗ, ಆಗಲೇ ಚಂದ್ರನಿಗೆ ಹೋಗಿ ಬಂದವನಂತೆ ನಕ್ಕ.

ಆದರೆ ಅಳತೆ ತೆಗೆದುಕೊಳ್ಳುವ ದಿನ ಒಂದು ಎಡವಟ್ಟಾಯಿತು. ಕೃತ್ತಿಕಾಳ ಪಾತ್ರ ಮಾಡುತ್ತಿದ್ದ ನಟಿ ವನಮಾಲಾ ಅಂದು ಬೇರೊಂದು ನಾಟಕದ ತಾಲೀಮಿನಿಂದ ನೇರವಾಗಿ ಬಂದಿದ್ದಳು. ತಲೆಯ ಮೇಲೆ ಚೌರಿ ಇಟ್ಟು ಕಟ್ಟಿದ ರಾಣಿಯ ತುರುಬಿತ್ತು. ಆರೋಗ್ಯಸ್ವಾಮಿ ತುರುಬನ್ನೂ ಸೇರಿಸಿ ಟೇಪು ಸುತ್ತಿದ. ಚಿತ್ರೀಕರಣದ ದಿನ ನಿರ್ದೇಶಕರು, “ಅಂತರಿಕ್ಷದಲ್ಲಿ ಯಾವ ಕ್ಯಾಪ್ಟನ್ ತುರುಬು ಕಟ್ತಾಳೆ? ತೆಗೀರಿ” ಅಂದರು. ತುರುಬು ಹೋಯಿತು. ನಾನು ಸಡಿಲವಾದೆ. ಒಳಗೆ ಎಷ್ಟು ಹತ್ತಿ ತುರುಕಿದರೂ ಅವಳ ತಲೆ ನನ್ನೊಳಗೆ ಬಾವಿಯಲ್ಲಿನ ಕೊಡದಂತೆ ಓಲಾಡುತ್ತಿತ್ತು.

ಕೊನೆಯ ಕಂತಿನ ಕೊನೆಯ ದೃಶ್ಯ ಇಷ್ಟು. ಕೃತ್ತಿಕಾಳ ಜೊತೆಗಾರ, ಇಂಜಿನಿಯರ್ ಪೃಥ್ವಿ, ಕೆಂಪು ನೆಲದ ಗ್ರಹದಲ್ಲಿ ಸಾಯುತ್ತಾನೆ. ಅವಳು ಅವನ ಮೇಲೆ ಕಲ್ಲು ಪೇರಿಸಿ ನೌಕೆಯ ಕಡೆಗೆ ನಡೆಯುತ್ತಾಳೆ. ಏಣಿಯ ಬಳಿ ನಿಂತು ಒಮ್ಮೆ ತಿರುಗಿ ನೋಡಬೇಕು. ಸ್ಟುಡಿಯೋದ ನೆಲಕ್ಕೆಲ್ಲ ಇಟ್ಟಿಗೆ ಪುಡಿ ಎರಚಿದ್ದರು. ಕ್ಯಾಮೆರಾ ಅವಳ ಬೆನ್ನ ಹಿಂದಿತ್ತು. ಅವಳು ನಡೆದಳು, ನಿಂತಳು, ತಿರುಗಿ ನೋಡಿದಳು.

ನಾನು ತಿರುಗಲಿಲ್ಲ.

“ಯಾಕಮ್ಮ ತಿರುಗಲಿಲ್ಲ?”

“ತಿರುಗಿದೆ ಸರ್. ಇದು ತಿರುಗಲಿಲ್ಲ.”

ಹೊರಗೆ ಇನ್ನೊಂದು ತಂಡದವರು ಸ್ಟುಡಿಯೋ ಬಿಟ್ಟುಕೊಡಿ ಎಂದು ಬಾಗಿಲು ಬಡಿಯುತ್ತಿದ್ದರು. ನಿರ್ದೇಶಕರು ಬೆವರೊರೆಸಿಕೊಂಡು, “ಬಿಡಿ, ಹೀಗೇ ಚೆನ್ನಾಗಿದೆ” ಅಂದರು. ಜನ ನೋಡಿದ್ದು ಅದನ್ನೇ. ಬೆನ್ನು ತಿರುಗಿಸಿ ನಿಂತ ಹೆಣ್ಣು, ಅಲುಗದ ಹೆಲ್ಮೆಟ್, ನೆತ್ತಿಯ ಮೇಲೆ ಉರಿಯುವ ದೀಪ.

ಧಾರಾವಾಹಿ ಮುಗಿದ ಮೇಲೆ ನಾನು ವೇಷಭೂಷಣ ಬಾಡಿಗೆ ಕೊಡುವ ಅಂಗಡಿಗೆ ಹೋದೆ. ಶಾಲೆಗಳ ವಾರ್ಷಿಕೋತ್ಸವದಲ್ಲಿ ಗಗನಯಾತ್ರಿಯಾದೆ, ಒಂದು ಸಲ ಯಮದೂತನೂ ಆದೆ. ನನ್ನೊಳಗೆ ನಿಂತು ಎಷ್ಟೋ ಮಕ್ಕಳು ಮಾತು ಮರೆತಿದ್ದಾರೆ. ಅವರ ಎದೆ ಬಡಿತ ನನಗೆ ಮೊದಲು ಗೊತ್ತಾಗುತ್ತಿತ್ತು, ಅವರ ತಾಯಂದಿರಿಗೆ ಆಮೇಲೆ. ಅಂಗಡಿ ಮುಚ್ಚಿದ ಮೇಲೆ ಒಂದು ಗ್ಯಾರೇಜಿನಲ್ಲಿ ಅಂಗಾತ ಬಿದ್ದು ನಟ್ಟು ಬೋಲ್ಟು ತುಂಬಿಕೊಂಡೆ. ಅಲ್ಲಿಂದ ಸಂಡೆ ಬಜಾರಿನ ಗೋಣಿತಾಟಿಗೆ ಬಂದೆ. ಒಂದು ಕಡೆ ತುಕ್ಕು ಹಿಡಿದ ನಲ್ಲಿಗಳು, ಇನ್ನೊಂದು ಕಡೆ ಒಂಟಿ ಬೂಟುಗಳು.

ಅಲ್ಲಿ ನನ್ನ ಮುಂದೆ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕುಳಿತರು. ಜಾಲರಿಯ ಕಿವಿಗಳನ್ನು ಬೆರಳಿನಿಂದ ಮುಟ್ಟಿದರು. “ಯಾ ಅಲ್ಲಾ” ಅಂದರು. ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ನಸೀಮಾ ಅವರು. ಹುಡುಗಿಯಾಗಿದ್ದಾಗ ಪಕ್ಕದ ಮನೆಯ ಕಿಟಕಿಯಿಂದ ಧಾರಾವಾಹಿ ನೋಡಿದವರು. ನನ್ನನ್ನು ಮನೆಗೆ ತಂದು, ಮದುವೆಯಲ್ಲಿ ಬಂದ ಪಿಂಗಾಣಿ ಕಪ್ಪುಗಳನ್ನು ಅಟ್ಟಕ್ಕೆ ಹಾಕಿ, ಗಾಜಿನ ಬೀರುವಿನಲ್ಲಿ ಅವುಗಳ ಜಾಗ ನನಗೆ ಕೊಟ್ಟರು. ಅಳಿಯ ನಕ್ಕ. ಅವರು ಅವನಿಗೆ ಒಂದು ತಿಂಗಳು ಸರಿಯಾಗಿ ಟೀ ಕೊಡಲಿಲ್ಲ.

ಕೃತ್ತಿಕಾಳನ್ನು ಮರೆಯದವರು ಊರಿನಲ್ಲಿ ಇನ್ನೂ ಮೂವರಿದ್ದರು. ಕನ್ನಡಕದ ಅಂಗಡಿಯ ಲಿಂಗರಾಜು, ಜೆರಾಕ್ಸ್ ಅಂಗಡಿಯ ಪ್ರಹ್ಲಾದ, ಮತ್ತು ಎಲ್ಲರಿಗಿಂತ ಚಿಕ್ಕವನಾದ ರುದ್ರೇಶ. ಅವನು ಧಾರಾವಾಹಿ ನೋಡಿದ್ದು ಸೋದರಮಾವನ ಹಳೆಯ ಕ್ಯಾಸೆಟ್ಟಿನಲ್ಲಿ. ನಾಲ್ವರೂ ಭಾನುವಾರ ಲಿಂಗರಾಜುವಿನ ಅಂಗಡಿಯ ಶಟರನ್ನು ಅರ್ಧಕ್ಕೆಳೆದು ಕುಳಿತುಕೊಳ್ಳುತ್ತಿದ್ದರು. ನಾಲ್ವರು ಅಭಿಮಾನಿಗಳು, ಒಬ್ಬಳೇ ನಾಯಕಿ. ಜಗಳ ಮಾತ್ರ ಪ್ರತಿ ವಾರ ಹೊಸದು. ಕೆಟ್ಟುಹೋಗಿದ್ದ ನನ್ನ ದೀಪವನ್ನು ಮತ್ತೆ ಉರಿಸಿಕೊಡುತ್ತೇನೆ ಎಂದು ರುದ್ರೇಶ ನನ್ನನ್ನು ಮನೆಗೆ ತಂದ. ತಂತಿಗಳನ್ನೆಲ್ಲ ಬಿಚ್ಚಿದ. ಎರಡು ದಿನದ ಮೇಲೆ ಶಟಲ್ ಆಡುತ್ತಿದ್ದವನು ಅಂಕಣದಲ್ಲೇ ಕುಸಿದು ಬಿದ್ದ.

ಆ ಮಾಮೂಲಿ ದಿನದ ಸಂಜೆ ಮಿಕ್ಕ ಮೂವರೂ ಮಾತಾಡಿಸಲು ಬಂದರು. ಕುರ್ಚಿಯ ತುದಿಯಲ್ಲಿ ಕುಳಿತರು. ಗಿರಿಜಕ್ಕ ಟೀ ತಂದರು. ಲಿಂಗರಾಜು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ಅವರ ಕಣ್ಣು ನನ್ನ ಮೇಲೆ ಬಿತ್ತು.

“ಲೈಟು ಬಿಚ್ಚಿದ್ನಾ? ಹಂಗೇ ಉಳೀತಲ್ಲಪ್ಪ. ಕೃತ್ತಿಕಾ ಆಗಿದ್ರೆ ತಾನೇ ಕೂತು ಜೋಡಿಸ್ಕೊಳ್ಳೋಳು.”

“ಆಯಮ್ಮನ ಮಾತು ಬಿಡಿ ಲಿಂಗ್ರಾಜಣ್ಣ,” ಎಂದ ಪ್ರಹ್ಲಾದ, ಭಾನುವಾರದ ಅಭ್ಯಾಸದಲ್ಲಿ. “ಜೊತೆಗಿದ್ದೋನ್ನ ಮಣ್ಣು ಮಾಡಿ ತಿರುಗಿ ಸಹ ನೋಡ್ದೆ ಹೋದ್ಲು. ಬುದ್ಧಿವಂತೆ, ಒಪ್ಕೋತೀನಿ. ಆದ್ರೆ ಕಲ್ಲು.”

ಹೇಳಿದ ಮೇಲೆ ಅವನಿಗೆ ತಾನೆಲ್ಲಿ ಕುಳಿತಿದ್ದೇನೆಂದು ಹೊಳೆಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಿರಿಜಕ್ಕ ದಾಕ್ಷಾಯಿಣಿಯ ಮುಖ ನೋಡಿದರು. ಕಲ್ಲು ಎಂಬ ಮಾತು ಆ ಮನೆಯಲ್ಲಿ ಆಗಲೇ ಓಡಾಡಿತ್ತು. ಹೆಣದ ಮುಂದೆ ಅವಳು ಅತ್ತಿರಲಿಲ್ಲ. ಗುಂಡಿಗೆ ಮಣ್ಣು ಹಾಕುವಾಗಲೂ ಅಳಲಿಲ್ಲ. “ಒಂದು ಹನಿ ಇಲ್ಲ ಕಣೆ, ಓದಿದೋರು ಹಿಂಗೇನಾ?” ಎಂದು ಗಿರಿಜಕ್ಕ ಫೋನಿನಲ್ಲಿ ಯಾರಿಗೋ ಹೇಳಿದ್ದು ನನಗೆ ಕೇಳಿಸಿತ್ತು. ಅವಳಿಗೂ ಕೇಳಿಸಿತ್ತು.

“ನಾಲಿಗೆ ಹಿಡಿತದಲ್ಲಿರ್ಲಿ ಪ್ರಹ್ಲಾದಪ್ಪ,” ಎಂದರು ನಸೀಮಾ.

“ಪರವಾಗಿಲ್ಲ,” ಎಂದಳು ದಾಕ್ಷಾಯಿಣಿ. “ಅದಕ್ಕೆ ಅವರೇನು ಹೇಳ್ತಿದ್ರು?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ರುದ್ರೇಶನಾ? ಅವನದು ಬೇರೆ ಪಾರ್ಟಿ ಕಣಮ್ಮ,” ಎಂದರು ಲಿಂಗರಾಜು. “ತಿರುಗಿ ನೋಡ್ದೆ ಇದ್ದಿದ್ದೇ ಸರಿ ಅನ್ನೋನು. ನೌಕೇಲಿ ಮಿಕ್ಕೋರು ಕಾಯ್ತಿದಾರೆ, ಇವಳು ನೋಡ್ಕೊಂಡು ನಿಂತ್ರೆ ನಿಮ್ಮಪ್ಪ ಓಡಿಸ್ತಾನಾ ಅಂತ ನನ್ನ ಗಾಜಿನ ಕೌಂಟರ್ ಗುದ್ದೋನು. ಒಂದ್ಸಲ ಬಿರುಕೂ ಬಿಡ್ತು.”

“ನನಗೂ ಅವನಿಗೂ ಅದೇ ಜಗಳ,” ಎಂದರು ನಸೀಮಾ. “ನಾನು ಅಂತಿದ್ದೆ, ಅವಳಿಗೆ ನೋಡೋ ಧೈರ್ಯ ಇರ್ಲಿಲ್ಲ. ಅಷ್ಟೇ.”

“ಕೃತ್ತಿಕಂಗೆ ಧೈರ್ಯ ಇಲ್ವಾ? ನಸೀಮಕ್ಕ, ಕಾಫಿ ಎಪಿಸೋಡ್ ಮರೆತ್ರಾ?” ಎಂದ ಪ್ರಹ್ಲಾದ.

“ಮರೆಯೋದುಂಟಾ! ಆ ವಿಜ್ಞಾನಿ ಮೀಸೆ ತಿರುವ್ಕೊಂಡು, ಕ್ಯಾಪ್ಟನ್ ಎಲ್ಲರಿಗೂ ಕಾಫಿ ಮಾಡಿ ಅಂತಾನೆ...”

“ಅದಕ್ಕೆ ಇವಳು,” ಎಂದು ಪ್ರಹ್ಲಾದ ಎದ್ದೇ ನಿಂತ. “ಮಾಡ್ತೀನಿ, ಅಲ್ಲೀವರೆಗೆ ನೌಕೆ ನೀವು ನಡೆಸಿ ಅಂತ ಸೀಟಿಂದ ಎದ್ಬಿಡ್ತಾಳೆ!”

“ಅವನು ಸ್ಟೇರಿಂಗ್ ಹುಡುಕ್ತಾನೆ!” ಎಂದರು ಲಿಂಗರಾಜು. ಮೂವರೂ ಗೊಳ್ಳನೆ ನಕ್ಕರು. ಗಿರಿಜಕ್ಕ ಬಾಗಿಲಿನಿಂದ ಇಣುಕಿದರು. ಸಾವಿನ ಮನೆಯಲ್ಲಿ ನಗು. ಮೂವರೂ ಬಾಯಿ ಮುಚ್ಚಿಕೊಂಡರು. ದಾಕ್ಷಾಯಿಣಿ ನಗಲಿಲ್ಲ, ಆದರೆ ಅವರ ಲೋಟಗಳಿಗೆ ಇನ್ನಷ್ಟು ಟೀ ಬಗ್ಗಿಸಿದಳು. ಆ ಮನೆಯಲ್ಲಿ ಅಷ್ಟು ದಿನ ಎಲ್ಲರೂ ಪಿಸುಗುಟ್ಟುತ್ತಿದ್ದರು. ಅಂದು ಮೊದಲ ಬಾರಿಗೆ ಜನ ಜನರಂತೆ ಮಾತಾಡಿದರು.

ಹೊರಡುವಾಗ ಪ್ರಹ್ಲಾದ ತಲೆ ಕೆರೆದುಕೊಂಡ. “ನಸೀಮಕ್ಕ, ಇದು ಇಲ್ಲೇ ಇರ್ಲಿ ಅಲ್ವಾ? ರುದ್ರೇಶನ ನೆನಪಿಗೆ.”

ನಸೀಮಾ ನನ್ನನ್ನೊಮ್ಮೆ ನೋಡಿದರು. ಆ ನೋಟ ನನಗೆ ಗೊತ್ತು. ಗೋಣಿತಾಟಿನ ಮುಂದೆ ಕುಳಿತ ದಿನದ್ದೇ ನೋಟ ಅದು. ಆದರೂ, “ಇರ್ಲಿ ತಾಯಿ, ನೀನೇ ಇಟ್ಕೋ” ಅಂದರು.

ದಾಕ್ಷಾಯಿಣಿ ಖಾಲಿ ಲೋಟಗಳನ್ನು ಎತ್ತಿಕೊಂಡಳು.

ಅವರು ಹೋದ ಮೇಲೆ ಅವಳು ನನ್ನನ್ನು ಕೆಳಗಿಳಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಆಮೇಲೆ ಹಾಕಿಕೊಂಡಳು. ಎಷ್ಟೋ ವರ್ಷದ ಮೇಲೆ ನನ್ನೊಳಗೊಂದು ತಲೆ. ಅವಳು ಎಡಕ್ಕೆ ತಿರುಗಿದಳು. ಅಲ್ಲಿ ಗೋಡೆಗೆ ಅವನ ಶಟಲ್ ಬ್ಯಾಟು ನೇತಾಡುತ್ತಿತ್ತು. ಅವಳು ತಿರುಗಿದಳು, ನಾನು ತಿರುಗಲಿಲ್ಲ. ಅವಳ ಕಣ್ಣೆದುರು ನನ್ನ ಕತ್ತಲ ಗೋಡೆ ಬಂತು. ಅವಳು ಮುಖ ನೇರ ಮಾಡಿಕೊಂಡು ಮತ್ತೆ ತಿರುಗಿದಳು. ಈ ಸಲವೂ ಅಷ್ಟೇ. ಮೂರನೆಯ ಸಲ ತಿರುಗಿದವಳು ಮುಖವನ್ನು ಹಾಗೇ ಬಿಟ್ಟಳು.

ಒಳಗೆ ಏನಾಯಿತೆಂದು ನಾನು ಹೇಳುವುದಿಲ್ಲ. ಹೆಲ್ಮೆಟ್ ಅಂಥದನ್ನು ಹೇಳಬಾರದು. ಪ್ಲಾಸ್ಟಿಕ್ ಹಾಳೆಗೆ ಆವಿ ಹಿಡಿಯಿತು, ಅಷ್ಟು ಹೇಳಬಲ್ಲೆ. ಹತ್ತಿಯ ಮೆತ್ತೆ ಬೆಳಗಿನವರೆಗೂ ಆರಲಿಲ್ಲ. ಅಡುಗೆಮನೆಯಿಂದ ಬಂದ ಗಿರಿಜಕ್ಕನಿಗೆ ಕಂಡದ್ದು ನೆಟ್ಟಗೆ ನಿಂತ ಬೆಳ್ಳಿ ಡಬ್ಬ ಮಾತ್ರ.

“ಏನೇ ಇದು ಹುಡುಗಾಟ? ತೆಗಿ.”

“ತೆಗೀತೀನಿ ಅಕ್ಕ,” ಎಂದಳು ಒಳಗಿನಿಂದ. “ಸ್ವಲ್ಪ ಹೊತ್ತು.”

ಮರುದಿನ ಅವಳು ನನ್ನನ್ನು ಬಟ್ಟೆಯ ಚೀಲಕ್ಕೆ ಹಾಕಿದಳು. ರುದ್ರೇಶ ಬಿಚ್ಚಿಟ್ಟಿದ್ದ ದೀಪ, ತಂತಿ, ಸ್ಕ್ರೂಗಳನ್ನು ಮೇಜಿನಿಂದ ಆಯ್ದು ಒಂದು ಸ್ಟೀಲ್ ಡಬ್ಬಿಗೆ ತುಂಬಿದಳು.

“ಒಂದು ತಿಂಗಳಾದ್ರೂ ತಡಿಯೇ. ಜನ ಏನಂತಾರೆ?” ಎಂದರು ಗಿರಿಜಕ್ಕ.

“ಏನಂತಾರೋ ಆಗ್ಲೇ ಅಂದಾಯ್ತಲ್ಲ ಅಕ್ಕ,” ಎಂದು ಅವಳು ಚಪ್ಪಲಿ ಮೆಟ್ಟಿದಳು. ದನಿಯಲ್ಲಿ ಕೋಪವಿರಲಿಲ್ಲ. ಅವಳು ಗೇಟಿನ ಬಳಿ ಹೋದ ಮೇಲೆ ಗಿರಿಜಕ್ಕ, “ಛತ್ರಿ ತಗೊಂಡು ಹೋಗು, ಬಿಸಿಲು” ಎಂದು ಕೂಗಿದರು.

ಸಿಟಿ ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಕುಳಿತು ಹೊರಪೇಟೆಗೆ ಹೋದೆ. ಬಾಗಿಲು ತೆರೆದ ನಸೀಮಾ ಅವರು ಚೀಲ ನೋಡಿಯೇ, “ಯಾಕಮ್ಮ ತಂದೆ? ಇಟ್ಕೋ ಅಂದಿದ್ನಲ್ಲ” ಅಂದರು.

“ಅವರ ನೆನಪಿಗೆ ಅವರದಲ್ಲದ್ದು ಬೇಡ ನಸೀಮಕ್ಕ. ಅವರದೇ ಬೇಕಾದಷ್ಟಿದೆ.” ಅವಳು ನನ್ನನ್ನು ಎರಡೂ ಕೈಯಿಂದ ಹಿಡಿದು ಕೊಟ್ಟಳು. “ಲೈಟ್ ಆಗಿಲ್ಲ. ಬಿಚ್ಚಿದ್ರು, ಜೋಡಿಸೋಕಾಗ್ಲಿಲ್ಲ. ಸಾಮಾನೆಲ್ಲ ಈ ಡಬ್ಬೀಲಿದೆ.”

ನಸೀಮಾ ನನ್ನನ್ನು ಎದೆಗೊತ್ತಿಕೊಂಡರು.

“ಇನ್ನೊಂದು ಮಾತು,” ಎಂದಳು ದಾಕ್ಷಾಯಿಣಿ. “ಅವಳು ತಿರುಗಿ ನೋಡಿದ್ಲು.”

“ಯಾರು?”

“ಕೃತ್ತಿಕಾ. ಇದನ್ನ ಹಾಕ್ಕೊಂಡು ಕತ್ತು ಹೊರಳಿಸಿ. ಗೊತ್ತಾಗುತ್ತೆ.”

ನಸೀಮಾ ಸೆರಗು ಸರಿಸಿ ನನ್ನನ್ನು ಹಾಕಿಕೊಂಡರು. ಕತ್ತು ಹೊರಳಿಸಿದರು.

“ಅಯ್ಯೋ!” ಎಂಬ ದನಿ ನನ್ನೊಳಗೇ ಗುಂಯ್‌ಗುಟ್ಟಿತು. “ಇಷ್ಟು ವರ್ಷ ಗಾಜಿನೊಳಗಿಟ್ಟು ನೋಡಿದೆ. ಒಂದು ದಿನ ಹಾಕ್ಕೊಳ್ಲಿಲ್ವಲ್ಲ ನಾನು!” ನನ್ನನ್ನು ತೆಗೆದಾಗ ಅವರ ಮುಖ ಕೆಂಪಾಗಿತ್ತು. “ಹಂಗಾದ್ರೆ ನಾನೂ ಸೋತೆ, ಪ್ರಹ್ಲಾದನೂ ಸೋತ.”

“ಅವರೂ ಸೋತ್ರು.”

“ರುದ್ರೇಶ ಒಪ್ತಿದ್ನಾ?”

“ಎಲ್ಲಿ ಒಪ್ತಾರೆ?” ಎಂದಳು ದಾಕ್ಷಾಯಿಣಿ. “ನಿದ್ದೆ ಕೆಡಿಸ್ಕೊಂಡು ಒಂದು ವಾರ ವಾದ ಮಾಡ್ತಿದ್ರು. ಊಟದ ತಟ್ಟೆ ಮುಂದೇನೂ.” ತುಟಿಯ ಒಂದು ತುದಿ ಮೇಲೆದ್ದಿತು. ಕಣ್ಣು ತುಂಬಿತ್ತು. ಅವಳು ನಗುವನ್ನೂ ಕಣ್ಣೀರನ್ನೂ ಮರೆಮಾಡಲಿಲ್ಲ.

ನಸೀಮಾ ಮೇಜಿನ ಮೇಲೆ ಒಂದು ಪಿಂಗಾಣಿ ತಟ್ಟೆ ಇಟ್ಟು ಡಬ್ಬಿಯ ಸಾಮಾನನ್ನು ಅದಕ್ಕೆ ಸುರಿದರು. ನನ್ನ ದೀಪ ಉರುಳಿ ಅಂಚಿಗೆ ತಾಗಿ ನಿಂತಿತು. ದಾಕ್ಷಾಯಿಣಿ ಡಬ್ಬಿಗೆ ಕೈ ಚಾಚಿದಳು.

“ಕೊಡಲ್ಲ,” ಎಂದರು ನಸೀಮಾ. “ಬಂದ ಡಬ್ಬಿ ಖಾಲಿ ಕಳಿಸೋ ಪದ್ಧತಿ ನಮ್ಮನೇಲಿಲ್ಲ. ಭಾನುವಾರ ಲಿಂಗರಾಜು ಅಂಗಡಿಗೆ ತರ್ತೀನಿ, ಬಂದು ತಗೋ. ಈಗ ಹೇಳಿದ್ದನ್ನ ಪ್ರಹ್ಲಾದನ ಮುಖಕ್ಕೆ ಹೇಳು. ನಾನು ಹೇಳಿದ್ರೆ ಅವನು ನಂಬಲ್ಲ.”

ದಾಕ್ಷಾಯಿಣಿ ಚಾಚಿದ ಕೈ ಹಿಂದೆಗೆದಳು. “ಎಷ್ಟು ಗಂಟೆಗೆ?” ಎಂದು ಕೇಳಿದಳು.

ಅವಳು ಛತ್ರಿ ಬಿಚ್ಚಿ ಬೀದಿಗಿಳಿದಳು. ನಾನು ಗಾಜಿನ ಬೀರುವಿಗೆ ವಾಪಸು ಬಂದೆ. ನನಗೆ ವಯಸ್ಸಾಗಿದೆ, ಬಣ್ಣ ಸಿಪ್ಪೆಯೇಳುತ್ತಿದೆ, ದೀಪ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಬಿದ್ದಿದೆ. ನಾನು ಅಂತರಿಕ್ಷ ಕಂಡವನಲ್ಲ. ಕಂಡದ್ದು ತಲೆಗಳನ್ನು ಮಾತ್ರ, ಅದೂ ಒಳಗಿನಿಂದ. ಆದ್ದರಿಂದ ಖಚಿತವಾಗಿ ಹೇಳುತ್ತೇನೆ, ಹೊರಗಿನಿಂದ ನೋಡಿ ಯಾರನ್ನೂ ಕಲ್ಲು ಎನ್ನಬೇಡಿ. ಅಡುಗೆಮನೆಯಲ್ಲಿ ನಸೀಮಾ ಅವರು ಡಬ್ಬಿ ತೊಳೆದು ಬೋರಲು ಹಾಕಿದ್ದಾರೆ. ಭಾನುವಾರಕ್ಕೆ ಇನ್ನೂ ದಿನಗಳಿವೆ. ಆದರೂ ಉಂಡೆಗೆ ರವೆ ಹುರಿಯುವ ವಾಸನೆ ಆಗಲೇ ಬರುತ್ತಿದೆ.