ಮಾವ ತುಂಬಿಟ್ಟ ಮೂರು ತೋಟೆ

ಕಿಟಕಿಯ ದಂಡೆಯ ಮೇಲೆ ಕೋವಿಯ ಮೂರು ಹಿತ್ತಾಳೆ ತೋಟೆಗಳು ಬಿಸಿಲಿಗೆ ನಿಂತಿದ್ದವು. ಆ ಮನೆಯ ನೆನಪಾದಾಗಲೆಲ್ಲ ನನಗೆ ಮೊದಲು ಕಾಣುವುದು ಅವೇ. ಅವುಗಳ ಹಿಂದೆ ನನ್ನ ಮಾವ ಪೆಮ್ಮಯ್ಯನವರ ಬಗ್ಗಿದ ತಲೆ, ಮೂಗಿನ ತುದಿಗೆ ಜಾರಿದ ಕನ್ನಡಕ.

ಮಾವನವರ ಕೋವಿ ಅವರ ತಾತನ ಕಾಲದ್ದು. ಅದಕ್ಕೆ ಹೊಂದುವ ತೋಟೆ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಕೇಳಿದರೆ ಅಂಗಡಿಯವರು ನಗುತ್ತಿದ್ದರು. ಹಾಗಾಗಿ ಹಾರಿಸಿದ ತೋಟೆಯ ಖಾಲಿ ಚಿಪ್ಪನ್ನೇ ಹುಡುಕಿ ತಂದು, ತೊಳೆದು ಒಣಗಿಸಿ, ಬುಡಕ್ಕೆ ಕಿಡಿ ಹುಟ್ಟಿಸುವ ಹೊಸ ಕೇಪು ಕೂರಿಸಿ, ಮದ್ದು ತುಂಬುವುದು ಅವರ ಪದ್ಧತಿ. ಎಷ್ಟೋ ವರ್ಷ ಹೀಗೆ ತುಂಬಿ ತುಂಬಿ ಚಿಪ್ಪುಗಳು ಒಂದೊಂದಾಗಿ ಬಿರುಕು ಬಿಟ್ಟವು. ಕೊನೆಗೆ ಉಳಿದದ್ದು ಮೂರು. ಕೇಪುಗಳೂ ಮೂರೇ.

"ಮೂರು ಸಾಕು ಬಿಡಮ್ಮಾ," ಎಂದರು ಮಾವ. "ಒಂದು ನಿನ್ನ ಮಗುವಿಗೆ, ಎರಡು ನನಗೆ."

ನಮ್ಮ ಕಡೆಯ ರೂಢಿ ಅದು. ಮನೆಯಲ್ಲಿ ಕೂಸು ಹುಟ್ಟಿದರೆ ಅಂಗಳದಲ್ಲಿ ಕೋವಿಯಿಂದ ಒಂದು ಈಡು ಹೊಡೆಯುತ್ತಾರೆ, ಸಾವಾದರೆ ಎರಡು. ಇಳಿಜಾರಿನ ಕೆಳಗಿನವರು ಎಣಿಸಿಕೊಂಡು, ಒಂದಾದರೆ ನಗುತ್ತ, ಎರಡಾದರೆ ಅಳುತ್ತ ಹತ್ತಿ ಬರುತ್ತಾರೆ. ನನಗಾಗ ಎಂಟು ತಿಂಗಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಿಂತ ಬಸಿರು. ಊರಿಗೆ ಊರೇ ಆ ಒಂದು ಈಡಿಗೆ ಕಿವಿಗೊಟ್ಟು ಕೂತಿತ್ತು.

"ಮೊದಲು ಮಗುವಿಂದು ಹೊಡೀರಿ ಮಾವ. ನಿಮ್ಮದಕ್ಕೇನು ಅವಸರ?" ಎಂದು ನಾನು ರೇಗಿದೆ.

"ನನ್ನದನ್ನ ನಾನೇ ಹೊಡ್ಕೊಳ್ಳೋಕಾಗುತ್ತೇನೇ, ಹುಚ್ಚಿ?" ಎಂದು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ವೈದ್ಯರು ಆಗಲೇ ಕೈಚೆಲ್ಲಿದ್ದರು. ಮಾವನವರಿಗೆ ಉಳಿದದ್ದು ಒಂದೇ ಆಸೆ, ತನ್ನ ಕೋವಿಯ ದನಿಯಲ್ಲೇ ತಾನು ಹೋಗಬೇಕು. ಯಾರ ಮನೆಯ ಕೋವಿಯ ದನಿ ಹೇಗೆಂದು ಊರಿಗೆಲ್ಲ ಗೊತ್ತು. "ಎರವಲು ಈಡು ಹೊಡೆಸಿದ್ರೆ ಚಟ್ಟ ಮೇಲೇಳೋದೇ ಇಲ್ಲ ನೋಡು, ಹೊರೋಕೆ ಬಿಡಲ್ಲ," ಎಂದು ಹೆದರಿಸುತ್ತಿದ್ದರು. ತೋಟೆಗಳಿಗೆ ನೀರು ತಾಗಿಸಬೇಡ ಎಂದು ನನಗೆ ಹತ್ತು ಸಲ ಹೇಳಿದ್ದರು.

ಕೋವಿ ಪೂಜೆ ಬಂತು. ಕೋವಿಗೆ ಎಣ್ಣೆ ಸವರಿ ಹೂ ಮುಡಿಸುವುದು ಮನೆಯ ಸೊಸೆಯ ಕೆಲಸ. ಕಿಟಕಿಯ ದಂಡೆಯಿಂದ ತೋಟೆಗಳನ್ನೂ ಇಳಿಸಿದೆ. ಬುಡದ ಸುತ್ತ ಹಸಿರು ಕಿಲುಬು ಹಿಡಿದಿತ್ತು. ಅಯ್ಯೋ ಪಾಪ, ಕೋವಿ ಮಿರಮಿರ ಮಿಂಚುವಾಗ ಇವು ಹೀಗಿರಬೇಕೇ ಅನಿಸಿತು. ದೀಪದ ಎಳ್ಳೆಣ್ಣೆಯಲ್ಲಿ ಬಟ್ಟೆ ಅದ್ದಿ ಎರಡನ್ನು ಚೆನ್ನಾಗಿ ತಿಕ್ಕಿದೆ. ಇನ್ನೊಂದು ಮಾವನವರ ಮುಷ್ಟಿಯಲ್ಲಿತ್ತು. ಹಿಡಿದುಕೊಂಡೇ ನಿದ್ದೆ ಹೋಗಿದ್ದರು. ಬಿಡಿಸಲು ಮನಸ್ಸಾಗಲಿಲ್ಲ.

ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ಗಂಜಿ ಕೊಡಲು ಹೋದರೆ ಮಾವ ಇರಲಿಲ್ಲ. ಮೈ ಮಾತ್ರ ಇತ್ತು.

ನನ್ನ ಗಂಡ ಚಿಣ್ಣಪ್ಪ ಕಣ್ಣೊರೆಸಿಕೊಂಡು ಕೋವಿ ಹಿಡಿದು ಅಂಗಳಕ್ಕಿಳಿದ. ಮಾವನವರು ಮುಷ್ಟಿಯಲ್ಲಿ ಹಿಡಿದಿದ್ದ, ಈಗ ತಲೆದಿಂಬಿನ ಕೆಳಗಿದ್ದ ತೋಟೆಯನ್ನು ಮೊದಲು ಹಾಕಿದ. ಈಡು ಕಣಿವೆಯನ್ನೆಲ್ಲ ಸುತ್ತಿ ಬಂತು. ಎರಡನೆಯದನ್ನು ಹಾಕಿ ಕೋವಿಯ ಕುದುರೆ ಎಳೆದ. ಟಕ್ ಎಂದಿತು, ಅಷ್ಟೇ.

ಅವನು ನಳಿಗೆಯನ್ನು ಆಕಾಶಕ್ಕೆ ಹಿಡಿದು ಬಹಳ ಹೊತ್ತು ಕಾದ. ಆಮೇಲೆ ತೋಟೆ ಹೊರತೆಗೆದು ಮೂಸಿದ.

"ಏನೇ ಇದು, ಎಳ್ಳೆಣ್ಣೆ ವಾಸನೆ?"

"ಪೂಜೆ ದಿನ ಹಚ್ಚಿದೆ."

"ಬುಡಕ್ಕೂ?"

"ಬುಡಕ್ಕೇ ಜಾಸ್ತಿ. ಕಿಲುಬು ಇತ್ತು."

ಕೇಪಿಗೆ ಎಣ್ಣೆ ಇಳಿದರೆ ಕಿಡಿ ಹುಟ್ಟುವುದಿಲ್ಲ ಎಂದು ನನಗೆ ಗೊತ್ತಾದದ್ದು ಆವಾಗ.

"ಮಗುವಿಂದು ಹಾಕಿ," ಎಂದೆ.

"ಅದಕ್ಕೂ ಹಚ್ಚಿದ್ಯಾ?"

ಹೌದೆಂದು ತಲೆಯಾಡಿಸಿದೆ. ಆದರೂ ಹಾಕಿದ. ಅದೂ ಟಕ್ ಎಂದಿತು. ಕೋವಿಯನ್ನು ನನ್ನ ಕಾಲ ಬಳಿ ಇಟ್ಟು, ಯಾರದಾದರೂ ಕೋವಿ ತರುತ್ತೇನೆಂದು ಬೇಲಿ ಹಾರಿ ಮೇಲಿನ ಮನೆಗೆ ಓಡಿದ.

ಅವನಿನ್ನೂ ಮರಳಿರಲಿಲ್ಲ, ಕೆಳಗಿನ ದಾರಿಯಲ್ಲಿ ಗಲಗಲ ಮಾತು ಕೇಳಿತು. ಎಲ್ಲರಿಗಿಂತ ಮುಂದೆ ಬೊಳ್ಳಮ್ಮಜ್ಜಿ ಬರುತ್ತಿದ್ದಳು, ಊರ ಸೂಲಗಿತ್ತಿ, ಮಾವನವರ ಓರಗೆಯವಳು. ಕೈಯಲ್ಲಿ ಕೂಸಿನ ನಾಲಿಗೆಗೆ ಹಚ್ಚುವ ಜೇನಿನ ಬಟ್ಟಲು.

"ಒಂದೇ ಈಡು ಎಣಿಸ್ದೆ ಕಣೇ!" ಎಂದು ದೂರದಿಂದಲೇ ಕೂಗಿದಳು. "ನನ್ನ ಕರೆಯೋಕೂ ಪುರುಸೊತ್ತಾಗ್ಲಿಲ್ವಾ ನಿಮಗೆ? ಪೆಮ್ಮಯ್ಯನ ಕೋವಿ ದನಿ ನನಗೆ ಗೊತ್ತಿಲ್ವಾ! ಎಲ್ಲಿ ಅವನು, ತಾತ ಆದೋನು? ಮೊದಲು ಅವನ ಬಾಯಿಗೇ ಜೇನು ಹಾಕ್ತೀನಿ."

ನಾನು ಬಾಗಿಲಿಗೆ ಅಡ್ಡ ನಿಂತೆ. ಅಂಗಳಕ್ಕೆ ಕಾಲಿಟ್ಟ ಅಜ್ಜಿಯ ಕಣ್ಣು ನನ್ನ ತುಂಬಿದ ಹೊಟ್ಟೆಯ ಮೇಲೆ ಬಿತ್ತು, ಅಲ್ಲೇ ನಿಂತಿತು. ಮುಂದೆ ಚಾಚಿದ ಜೇನಿನ ಬಟ್ಟಲು ಹಾಗೆಯೇ ಇತ್ತು. ಅವಳ ಬೆನ್ನ ಹಿಂದೆ, ಇಳಿಜಾರಿನ ದಾರಿಯಲ್ಲಿ, ಊರಿನವರು ಇನ್ನೂ ನಗುತ್ತಲೇ ಹತ್ತಿ ಬರುತ್ತಿದ್ದರು.