ಒದ್ದೆ ಟವೆಲ್ ತುಂಬಿ ನೋಡಿದ ಕಾರು

ಲಾಂಡ್ರಿಯವರ ವ್ಯಾನು ಎದ್ದರೆ ಬೀದಿಯೆಲ್ಲ ಎದ್ದಂತೆ. ಅದು ಮೊದಲು ಕೆಮ್ಮುತ್ತಿತ್ತು, ಆಮೇಲೆ ನಡುಗುತ್ತಿತ್ತು, ಕೊನೆಗೆ ಒಂದಿಷ್ಟು ಕಪ್ಪು ಹೊಗೆ ಉಗುಳಿ ಹೊರಡುತ್ತಿತ್ತು. ಎದುರುಮನೆಯವರು ದಡಬಡನೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಮೊನ್ನೆ ಲಾಡ್ಜಿನ ಮ್ಯಾನೇಜರು ಇಸ್ತ್ರಿಯಾದ ಬೆಡ್‌ಶೀಟನ್ನು ಮೂಗಿಗೆ ಹಿಡಿದು, "ಏನಮ್ಮಾ, ಸೋಪಲ್ಲಿ ಒಗೀತೀರೋ, ಡೀಸೆಲ್‌ನಲ್ಲಿ ಒಗೀತೀರೋ?" ಎಂದು ಕೇಳಿಯೇ ಬಿಟ್ಟರು.

ಆ ಮಾತು ಕೇಳಿಸಿಕೊಂಡು ತಲೆ ತಗ್ಗಿಸಿ ಬಂದವಳು ಲಾಂಡ್ರಿಯವರ ಮಗಳು. ವ್ಯಾನು ಓಡಿಸುವವಳು ಅವಳೇ. ಅಪ್ಪನಿಗೆ ಮಂಡಿನೋವು, ಅಣ್ಣನಿಗೆ ಒಗೆಯುವ ಯಂತ್ರಗಳ ಉಸಾಬರಿ. ಡಿಗ್ರಿ ಮುಗಿಸಿದ ಹುಡುಗಿ, ಆದರೆ ಬಾಯಿ ತೆರೆಯುವುದೇ ಅಪರೂಪ. ಹಾಗಾಗಿ ಮನೆಯಲ್ಲೂ ಬೀದಿಯಲ್ಲೂ ಅವಳಿಗೆ 'ಮೌನಿ' ಎಂಬ ಹೆಸರೇ ನಿಂತುಬಿಟ್ಟಿತ್ತು.

ಈ ವ್ಯಾನಿನ ಕಾಟದಿಂದ ಪಾರಾಗಬೇಕೆಂದು ಅಣ್ಣ ಬಹಳ ದಿನದಿಂದ ಕಾಯುತ್ತಿದ್ದ. ಹೊಸ ಎಲೆಕ್ಟ್ರಿಕ್ ಕಾರೊಂದು ಬರುತ್ತದಂತೆ, ನಮ್ಮಂಥವರ ಕೈಗೆಟಕುವ ಬೆಲೆಯಂತೆ, ಒಮ್ಮೆ ಚಾರ್ಜ್ ಮಾಡಿದರೆ ದಿನವೆಲ್ಲ ಓಡಿದರೂ ಮುಗಿಯುವುದಿಲ್ಲವಂತೆ. ಊಟ ಮಾಡುವಾಗಲೂ ಅವನ ಕಣ್ಣು ಫೋನಿನಲ್ಲಿ ಆ ಅಂತೆಕಂತೆಗಳ ಮೇಲೇ. ಕೊನೆಗೂ ಕಾರು ಷೋರೂಮಿಗೆ ಬಂತು. ಬುಕ್ ಮಾಡಿದ ದಿನವೇ ಹಳೆಯ ಗಾಡಿ ಒಪ್ಪಿಸಿದರೆ ರಿಯಾಯಿತಿ. ಹೊಸ ಕಾರು ಕೈಗೆ ಬರುವುದು ಮಾತ್ರ ಕೆಲವು ತಿಂಗಳ ಮೇಲೆ.

"ನಾಳೆನೇ ಹೋಗೋಣ," ಎಂದು ಅಣ್ಣ ಇಸ್ತ್ರಿ ಮೇಜಿಗೆ ಗುದ್ದಿ ಹೇಳಿದ. "ಕಾರು ಮೌನಿ ಹೆಸರಲ್ಲಿ. ಓಡಿಸೋಳೂ ಅವಳೇ, ಸಹಿ ಹಾಕೋಳೂ ಅವಳೇ."

"ಕಾರು ಬರೋ ತನಕ ಬಟ್ಟೆ ಯಾವುದರಲ್ಲಿ ತರೋದು?" ಎಂದು ಕೇಳಿದಳು ಮೌನಿ.

"ನೋಡಪ್ಪಾ, ಇವಳಿಗೆ ಬಾಯಿ ಬಂತು! ಬಾಡಿಗೆ ಗಾಡಿ ತಗೊಂಡ್ರಾಯ್ತು."

"ದಿನಾ?"

"ಒಳ್ಳೇ ಕೆಲಸಕ್ಕೆ ಹೊರಟಾಗ ಕೊಕ್ಕೆ ಹಾಕಬೇಡ್ವೇ!"

ಅಪ್ಪ ನಕ್ಕರು. ಮೌನಿ ಸುಮ್ಮನಾದಳು. ಆದರೆ ಒಳಗಿನ ಪ್ರಶ್ನೆ ಸುಮ್ಮನಾಗಲಿಲ್ಲ. ಲಾಡ್ಜು, ನರ್ಸಿಂಗ್ ಹೋಮು, ಈಜುಕೊಳ, ಮೂರೂ ಕಡೆಯ ಬಟ್ಟೆ ದಿನವೂ ಬರಬೇಕು, ದಿನವೂ ಹೋಗಬೇಕು. ಒಂದು ಬೆಳಗ್ಗೆ ಗಾಡಿ ಹೋಗದಿದ್ದರೆ ಮಾರನೆಯ ಬೆಳಗ್ಗೆ ಅಲ್ಲಿ ಬೇರೆ ಲಾಂಡ್ರಿಯ ಗಾಡಿ ನಿಂತಿರುತ್ತದೆ.

ಅವಳು ಮಹಡಿ ಹತ್ತಿದಳು. ಮೇಲಿನ ಮನೆಯಲ್ಲಿ ಆಂಟಿಯೊಬ್ಬರಿದ್ದರು. ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಅವರ ಮುಂದೆ ಮಾತ್ರ ಮೌನಿಯ ಮಾತಿಗೆ ಬೀಗವಿರಲಿಲ್ಲ.

"ಕಾರು ಒಳ್ಳೇದೇ ಇರಬಹುದು ಕಣೇ," ಎಂದರು ಆಂಟಿ. "ಆದ್ರೆ ಇಷ್ಟು ದೂರ ಓಡುತ್ತೆ ಅಂತ ಜಾಹೀರಾತಲ್ಲಿ ಹಾಕ್ತಾರಲ್ಲ, ಅದು ಪರೀಕ್ಷೆ ಮಾಡೋ ಜಾಗದಲ್ಲಿ ಅಳೆದದ್ದು. ನಿನ್ನ ರಸ್ತೆಯ ಏರು ಅವರಿಗೇನು ಗೊತ್ತು? ನೀನು ತುಂಬೋ ಭಾರ, ಹಾಕೋ ಎಸಿ, ಟ್ರಾಫಿಕ್ಕು, ಎಲ್ಲಾ ಸೇರಿದ್ರೆ ದೂರ ಕಡಿಮೆ ಆಗುತ್ತೆ. ಇನ್ನೊಂದು. ಒಗೆಯೋ ಯಂತ್ರ, ಇಸ್ತ್ರಿ, ಚಾರ್ಜರು ಒಟ್ಟಿಗೆ ಹಾಕಿದ್ರೆ ನಿಮ್ಮನೆ ವೈರು ತಡಿಯುತ್ತಾ? ಅರ್ಥಿಂಗ್ ಸರಿ ಇದೆಯಾ? ಬಾಡಿಗೆ ಮನೆ ಇದು, ಚಾರ್ಜರ್ ಕೂರಿಸೋಕೆ ಓನರ್ ಒಪ್ತಾರಾ?"

"ನಾನು ಇದೆಲ್ಲ ಕೇಳಿದ್ರೆ ಅಣ್ಣ ನಗ್ತಾನೆ ಆಂಟಿ."

"ನಗ್ಲಿ ಬಿಡು, ಹಲ್ಲಿಗೂ ಗಾಳಿಯಾಡುತ್ತೆ. ಸಹಿ ಹಾಕೋ ಕೈ ಯಾರದು?"

"ನನ್ನದು."

"ಮತ್ತೆ? ಉತ್ತರ ಸಿಗೋ ತನಕ ಆ ಕೈ ಚಾಚಬೇಡ. ನಾಳೆ ನಾನೂ ಬರ್ತೀನಿ."

ಭಾರ ಹಾಕಿಯೇ ಓಡಿಸಿ ನೋಡಬೇಕು ಎಂದು ಮೌನಿ ಹೇಗೋ ಅಪ್ಪನನ್ನು ಒಪ್ಪಿಸಿದಳು. ಆದರೆ ಆ ಮನೆಯಲ್ಲಿ ತಾತನ ಕಾಲದಿಂದ ಒಂದು ಕಟ್ಟುನಿಟ್ಟಿತ್ತು. ಗಿರಾಕಿಯ ಕೊಳೆ ಬಟ್ಟೆ ಹೊರಗಿನವರ ಕಣ್ಣಿಗೆ ಬೀಳಬಾರದು. ಅದು ಹಿಂಬಾಗಿಲಿನಿಂದ ಬಂದು, ಮಡಿಯಾಗಿ, ಮುಂಬಾಗಿಲಿನಿಂದ ಹೋಗಬೇಕು. ಅದಕ್ಕೇ ಅಪ್ಪ ಷೋರೂಮಿಗೆ ಕಟ್ಟಿಕೊಂಡದ್ದು ಇಸ್ತ್ರಿಯಾದ ಬೆಡ್‌ಶೀಟುಗಳ ಗಂಟುಗಳನ್ನು. ಬೆಳ್ಳಗೆ, ಗರಿಗರಿಯಾಗಿ, ಹತ್ತಿಯಷ್ಟು ಹಗುರ.

ಷೋರೂಮಿನಲ್ಲಿ ಟೈ ಕಟ್ಟಿದ ಸೇಲ್ಸ್‌ನವನು ನಗುನಗುತ್ತ ಗಂಟುಗಳನ್ನು ಹಿಂದೆ ತುಂಬಿಸಿದ. ಮುಂದಿನ ಅಗಲ ರಸ್ತೆಯಲ್ಲಿ ಒಂದು ಸುತ್ತು. ಕಾರು ಸದ್ದಿಲ್ಲದೆ ಬೆಣ್ಣೆಯಂತೆ ಜಾರಿತು. ಓಡಿಸುತ್ತಿದ್ದ ಮೌನಿಗೂ ಅದು ಹಿಡಿಸಿತು. ಹಿಡಿಸಿದ್ದಕ್ಕೇ ಅವಳಿಗೆ ಹೆದರಿಕೆಯಾಯಿತು.

ಮರಳಿ ಬಂದದ್ದೇ ತಡ, ಬುಕಿಂಗ್ ಕಾಗದ ಮುಂದೆ ಬಂತು. ಸೇಲ್ಸ್‌ನವನು ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದುಕೊಟ್ಟ. ಅಣ್ಣ ವ್ಯಾನಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ. ಹಿಂದೆ ಜನ ಸಾಲುಗಟ್ಟಿದ್ದರು. ಎಲ್ಲರ ಕಣ್ಣೂ ತನ್ನ ಬೆನ್ನ ಮೇಲಿದ್ದಂತೆ ಮೌನಿಗೆ ಅನಿಸಿತು.

"ಹಾಕಲ್ಲ," ಎಂದಳು.

"ಏನಂದೆ?" ಎಂದ ಅಣ್ಣ.

"ಸಹಿ ಹಾಕಲ್ಲ ಅಂದೆ. ಇದು ಒಣಗಿದ ಬಟ್ಟೆ. ನಾನು ಬೆಳಗ್ಗೆ ತರೋದು ಒದ್ದೆ ಬಟ್ಟೆ. ಈಜುಕೊಳದ ಟವೆಲ್ ತುಂಬಿ, ನನ್ನ ದಾರೀಲಿ ಓಡಿಸಿ ನೋಡ್ಬೇಕು."

ಸೇಲ್ಸ್‌ನವನ ನಗು ಅರ್ಧಕ್ಕೇ ನಿಂತಿತು. "ಮೇಡಂ, ಹೊಸ ಕಾರಲ್ಲಿ ಒದ್ದೆ ಟವೆಲ್ಲಾ?"

"ತಗೊಂಡ ಮೇಲೆ ಅದರಲ್ಲಿ ಏನು ಮಲ್ಲಿಗೆ ಹೂವು ತುಂಬ್ತೀವಾ? ಕೆಳಗೆ ಪ್ಲಾಸ್ಟಿಕ್ ಹಾಸ್ತೀನಿ."

ಅಪ್ಪನ ಮುಖ ಕೆಂಪಾಯಿತು. "ಹತ್ತು ಜನರ ಮುಂದೆ ಕೊಳೆ ಬಟ್ಟೆ ಹೊರಿಸ್ತೀಯಾ? ಮಾನ ಮರ್ಯಾದೆ ಬೇಡ್ವಾ ನಿನಗೆ?"

ಅಪ್ಪನಿಗೆ ಅವಳು ಎಂದೂ ಎದುರಾಡಿದವಳಲ್ಲ. ಇವತ್ತು ಮಾತ್ರ ನಿಲ್ಲಲಿಲ್ಲ.

"ಅಪ್ಪಾ, ಅದನ್ನ ಒಗೆದೇ ಅಲ್ವಾ ನಾವು ಊಟ ಮಾಡ್ತಿರೋದು? ನಾಚಿಕೆ ಪಟ್ಟು ಮುಚ್ಚಿಟ್ಟು ಗಾಡಿ ತಗೊಂಡು, ಆಮೇಲೆ ಅದು ಅರ್ಧ ದಾರೀಲಿ ನಿಂತ್ರೆ, ಆಗ ಬೀದಿಯಲ್ಲಿ ನಿಲ್ಲೋಳು ನಾನು. ಅದೇ ಟವೆಲ್ ಮೂಟೆ ಪಕ್ಕದಲ್ಲಿ."

ಆಂಟಿ ಮುಂದೆ ಬಂದರು. "ಏನಪ್ಪಾ, ಗಿರಾಕಿ ಓಡಿಸಿ ನೋಡ್ತೀನಿ ಅಂದ್ರೆ ನಿಮಗ್ಯಾಕೆ ಬೆವರು? ಕಾರಿನ ಮೇಲೆ ನಂಬಿಕೆ ಇಲ್ವಾ?"

ಸಾಲಿನಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. ಇಷ್ಟಾದ ಮೇಲೆ ಸೇಲ್ಸ್‌ನವನು ಇಲ್ಲವೆನ್ನಲಾಗಲಿಲ್ಲ.

ಈಜುಕೊಳದ ಬಟ್ಟೆಯ ಕೋಣೆ ನೆಲಮಾಳಿಗೆಯಲ್ಲಿತ್ತು. ಇಳಿಜಾರಿನಲ್ಲಿ ಇಳಿದು, ತುಂಬಿಕೊಂಡು, ಮತ್ತೆ ಅದೇ ಏರು ಹತ್ತಬೇಕು. ಮೌನಿಯೂ ಅಣ್ಣನೂ ನೀರು ಸೋರುವ ಮೂಟೆಗಳನ್ನು ಎತ್ತಿ ಹಾಕಿದರು. ದಿನವೂ ಬರುವಷ್ಟೇ, ಹೆಚ್ಚಿಲ್ಲ ಕಡಿಮೆಯಿಲ್ಲ. ಕಾರಿನ ಹಿಂಭಾಗ ಮೆಲ್ಲಗೆ ಕುಸಿಯಿತು. ಅಪ್ಪ, ಅಣ್ಣ, ಸೇಲ್ಸ್‌ನವನು ಹತ್ತಿದರು. ಆಂಟಿ ಷೋರೂಮಿನಲ್ಲೇ ಕಾಯುತ್ತ ಉಳಿದಿದ್ದರು.

ಕಾರು ಏರನ್ನು ಸಲೀಸಾಗಿ ಹತ್ತಿತು. ಅಣ್ಣ ಮೀಸೆ ತಿರುವಿದ. "ನೋಡ್ದ್ಯಾ? ಹುಲಿ!"

ಏರು ಮುಗಿದು ರಸ್ತೆಗೆ ತಿರುಗುವಲ್ಲಿ ಹಿಂಬದಿಯಿಂದ 'ಕರ್ರ್' ಎಂದಿತು. ಕಾರಿನ ತಳ ನೆಲಕ್ಕೆ ಉಜ್ಜಿತ್ತು. ಅಪ್ಪ ಕೂತಲ್ಲೇ ಹಲ್ಲು ಕಚ್ಚಿದರು. ಮುಂದಿನ ಉಬ್ಬಿನಲ್ಲೂ ಅದೇ ಸದ್ದು. ಲಾಂಡ್ರಿಯ ಬಾಗಿಲಿಗೆ ಬರುವ ಹೊತ್ತಿಗೆ ಚಾರ್ಜು, ಓಡಿದ ದೂರಕ್ಕೆ ಇಳಿಯಬೇಕಾದ್ದಕ್ಕಿಂತ ಬಹಳ ಹೆಚ್ಚು ಇಳಿದಿತ್ತು.

"ಚಾರ್ಜು ಪರವಾಗಿಲ್ಲ, ನನ್ನ ದಿನದ ಓಡಾಟಕ್ಕೆ ಸಾಕಾಗುತ್ತೆ," ಎಂದಳು ಮೌನಿ, ಇದ್ದದ್ದನ್ನು ಇದ್ದಂತೆ. "ಆದ್ರೆ ಈ ಕಾರು ಎಷ್ಟು ಭಾರ ಹೊರಬಹುದು ಅಂತ ಕೈಪಿಡೀಲಿ ಏನಿದೆ?"

ಸೇಲ್ಸ್‌ನವನು ಕೈಪಿಡಿ ತಿರುವಿದ. "ಇದು... ಫ್ಯಾಮಿಲಿ ಕಾರು ಮೇಡಂ. ಇಷ್ಟು ಭಾರ ದಿನಾ ಹಾಕೋ ಹಾಗಿಲ್ಲ."

"ದಿನಾ ಹಾಕಿ ಏನಾದ್ರೂ ಕೆಟ್ರೆ, ವಾರಂಟಿ?"

"ಅದು... ಕೊಡೋದು ಕಷ್ಟ."

"ಇದನ್ನ ಬೆಳಗ್ಗೆ ಯಾಕ್ರೀ ಹೇಳ್ಲಿಲ್ಲ?" ಎಂದು ಅಪ್ಪ ಗದರಿದರು.

"ನೀವು ಬೆಡ್‌ಶೀಟ್ ತಂದಿದ್ರಲ್ಲ ಸಾರ್!"

ಕಾರಿನ ಸುತ್ತ ಅಕ್ಕಪಕ್ಕದವರು ಸೇರಿದ್ದರು. ಅಪ್ಪ ಹಿಂಬದಿಯ ಬಾಗಿಲನ್ನು ತಾವೇ ಎತ್ತಿದರು. ಮಂಡಿನೋವನ್ನೂ ಲೆಕ್ಕಿಸದೆ, ಎಲ್ಲರ ಕಣ್ಣೆದುರೇ ಒಂದು ಒದ್ದೆ ಮೂಟೆಯನ್ನು ಹೆಗಲಿಗೇರಿಸಿ, ಮುಂಬಾಗಿಲಿನಿಂದಲೇ ಒಳಗೆ ನಡೆದರು.

ಷೋರೂಮಿಗೆ ಮರಳಿದಾಗ ಸೇಲ್ಸ್‌ನವನು ಕೊನೆಯ ಬಾಣ ಬಿಟ್ಟ. "ಯೋಚನೆ ಮಾಡಿ ಮೇಡಂ. ಈ ಬೆಲೆ ಇವತ್ತಿಗೆ ಮಾತ್ರ. ನಾಳೆ ಏರಿದ್ರೆ ನನ್ನ ಕೇಳಬೇಡಿ."

"ಏರಲಿ," ಎಂದಳು ಮೌನಿ. "ನಿಮ್ಮ ಅವಸರಕ್ಕೆ ನನ್ನ ಕೆಲಸ ಬಲಿ ಕೊಡಲ್ಲ."

ಅಣ್ಣ ಒಂದು ಗಳಿಗೆ ಕಾರನ್ನೇ ನೋಡಿದ. ಅವನ ಕಣ್ಣಲ್ಲಿ ಆಸೆ ಇನ್ನೂ ಆರಿರಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ವ್ಯಾನಿನ ಕೀಲಿಯನ್ನು ಎತ್ತಿ ತಂಗಿಯ ಕೈಗಿಟ್ಟ. "ಸರಕು ಸಾಗಿಸೋ ಎಲೆಕ್ಟ್ರಿಕ್ ಗಾಡಿನೂ ಬಂದಿದ್ಯಂತೆ ಕಣೇ. ಅದನ್ನ ನೋಡೋಣ. ಈ ಸಲ ಟವೆಲ್ ನಾನೇ ತರ್ತೀನಿ."

"ಮೊದಲು ಮನೆಯ ವೈರಿಂಗ್ ತೋರಿಸಿ, ಓನರ್ ಹತ್ರ ಮಾತಾಡಿ," ಎಂದರು ಆಂಟಿ. "ಅಲ್ಲಿ ತನಕ ವ್ಯಾನಿನ ಹೊಗೆಗೆ ಗ್ಯಾರೇಜಲ್ಲಿ ಏನಾದ್ರೂ ಔಷಧಿ ಮಾಡ್ಸಿ. ಎಲೆಕ್ಟ್ರಿಕ್ ಬೇಡ ಅಂತ ಅಲ್ಲ, ಕಣ್ಣು ಮುಚ್ಚಿ ತಗೊಳ್ಳೋದು ಬೇಡ ಅಂತ."

ಬೆಳಗ್ಗೆ ಸಾಲಿನಲ್ಲಿ ಅವರ ಹಿಂದೆಯೇ ನಿಂತಿದ್ದು, ಏನಾಗುತ್ತದೋ ನೋಡೋಣವೆಂದು ಕಾದಿದ್ದ ಟೀಚರಮ್ಮ ಮುಂದೆ ಬಂದರು. ಸೇಲ್ಸ್‌ನವನು ಪೆನ್ನು ಚಾಚಿದ. ಅವರು ಅದನ್ನು ಮುಟ್ಟಲಿಲ್ಲ.

"ನಮ್ಮತ್ತೆಗೆ ಕಾಲು ಮಡಚೋಕಾಗಲ್ಲ. ಅವರನ್ನ ಕರ್ಕೊಂಡು ಬರ್ತೀನಿ. ಅವರು ಹತ್ತಿ ಕೂತು ನೋಡ್ಲಿ, ಆಮೇಲೆ ಮಾತು."

ಓದುಗರೇ, ಎಲೆಕ್ಟ್ರಿಕ್ ಕಾರು ಒಳ್ಳೆಯದೇ. ಹೊಗೆಯಿಲ್ಲ, ಸದ್ದಿಲ್ಲ. ಆದರೆ ಅದು ನಿಮ್ಮ ಬದುಕಿಗೆ ಒಗ್ಗುತ್ತದೆಯೇ ಎಂಬುದನ್ನು ಜಾಹೀರಾತು ಹೇಳಲಾರದು. ನಿಮ್ಮ ಮನೆಯ ಮಂದಿಯನ್ನು ಕೂರಿಸಿ, ನಿಮ್ಮ ಭಾರ ಹೇರಿ, ನಿಮ್ಮ ರಸ್ತೆಯಲ್ಲಿ ಓಡಿಸಿ ನೋಡಿ. ಎಲ್ಲಿ ಚಾರ್ಜ್ ಮಾಡುತ್ತೀರಿ, ಕೆಟ್ಟರೆ ಎಲ್ಲಿ ರಿಪೇರಿ, ಬ್ಯಾಟರಿಯ ವಾರಂಟಿ ಯಾವುದಕ್ಕೆ ಉಂಟು, ಯಾವುದಕ್ಕೆ ಇಲ್ಲ, ಇವನ್ನೆಲ್ಲ ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಕೇಳಿ. ಹೊಸ ಮಾದರಿಯಾದರೆ ಮೊದಲು ಕೊಂಡವರನ್ನು ಹುಡುಕಿ ಮಾತಾಡಿಸಿ. ಹೊಸ ಗಾಡಿ ಮನೆಗೆ ಬರುವ ತನಕ ಹಳೆಯದನ್ನು ಬಿಟ್ಟುಕೊಡಬೇಡಿ.

ಕೇಳಿದರೆ ಯಾರಾದರೂ ನಗುತ್ತಾರೆಂದು ಅಳುಕುತ್ತೀರಾ? ನಗಲಿ. ನೀವು ಕೇಳಿ.