ಹದಿನಾಲ್ಕು ಗಂಟೆಯ ದಾರಿ

ವಿಮಾನ ಇಳಿದು ಮೂರು ಗಂಟೆಯಾದರೂ ಅವನು ನಿಲ್ದಾಣ ಬಿಟ್ಟು ಕದಲಿರಲಿಲ್ಲ. ಅಣ್ಣ ನೆಲೆಸಿದ್ದ ಪರದೇಶದ ಊರು ಇದು; ಮನೆ ಇಲ್ಲಿಂದ ಟ್ಯಾಕ್ಸಿಯಲ್ಲಿ ಅರ್ಧ ಗಂಟೆ. ಆದರೆ ಅವನೇ ಹೇಳಿದ್ದ ಲೆಕ್ಕದ ಪ್ರಕಾರ ಅವನಿನ್ನೂ ಸಮುದ್ರದ ಆಚೆಯೇ ಇರಬೇಕಿತ್ತು.

ಸುಳ್ಳು ಹೇಳಿದ್ದು ನಿನ್ನೆ. ಅಣ್ಣ ಹೋದನೆಂದು ತಿಳಿಸಲು ಫೋನು ಮಾಡಿದ ಅತ್ತಿಗೆ, "ಎಷ್ಟು ಹೊತ್ತಾಗುತ್ತೆ ಬರೋಕೆ?" ಎಂದು ಕೇಳಿದ್ದಳು. ನೇರ ವಿಮಾನದಲ್ಲಿ ಹದಿನಾಲ್ಕು ಗಂಟೆ. ಇಪ್ಪತ್ತು ವರ್ಷದಿಂದ ಭೂಗೋಳ ಪಾಠ ಮಾಡುತ್ತಿದ್ದವನಿಗೆ ಅದು ಗೊತ್ತಿರದ ಸಂಗತಿಯಲ್ಲ. "ಎರಡು ದಿನ ಬೇಕು ಅತ್ತಿಗೆ. ಎರಡು ಕಡೆ ವಿಮಾನ ಬದಲಾಯಿಸ್ಬೇಕು," ಎಂದುಬಿಟ್ಟ. ಕಳ್ಳನಿಗೊಂದು ಪಿಳ್ಳೆ ನೆವ. ಅಷ್ಟು ದಿನ ಯಾರು ಕಾಯುತ್ತಾರೆ, ಸಂಸ್ಕಾರ ಮುಗಿಸಿಬಿಡುತ್ತಾರೆ ಎಂದುಕೊಂಡಿದ್ದ.

ಅಣ್ಣ ತಮ್ಮ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಯಾಕೆ ಎಂಬುದು ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಮೊದಲು ಯಾರು ಮಾತಾಡಬೇಕು ಎಂಬ ಹಟ ಮಾತ್ರ ಹಾಗೇ ಇತ್ತು.

"ಕಾಯ್ತೀವಿ. ನೀನು ಬಾ," ಎಂದಿದ್ದಳು ಅತ್ತಿಗೆ.

ಅದಾದ ಮೇಲೆ ಅವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಅಣ್ಣನ ಮುಖ ನೋಡಬೇಕೆನಿಸಿತು, ಈಗಲೇ ನೋಡಬೇಕೆನಿಸಿತು. ಸಿಕ್ಕ ಮೊದಲ ವಿಮಾನ ಹತ್ತಿದ. ಇಳಿದ ಮೇಲಷ್ಟೇ ಹೊಳೆಯಿತು: ಇಷ್ಟು ಬೇಗ ಹೇಗೆ ಬಂದೆ ಎಂದರೆ ಏನು ಹೇಳುವುದು?

ಫೋನು ಬಡಿದುಕೊಂಡಿತು. ಅತ್ತಿಗೆ.

"ಎಲ್ಲಿದ್ದೀಯ?"

"ನಡುದಾರೀಲಿ. ಇನ್ನೊಂದು ವಿಮಾನಕ್ಕೆ ಕಾಯ್ತಿದ್ದೀನಿ."

"ಇಲ್ಲಿ ಒಂದೇ ಸಮ ಮಳೆ. ಅಲ್ಲಿ?"

ಎದುರಿನ ಗಾಜಿನ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. "ಬಿಸಿಲು," ಎಂದ.

"ನೋಡು, ಚಿತಾಗಾರದವರು ಇವತ್ತು ನಾಲ್ಕಕ್ಕೇ ಬನ್ನಿ ಅಂತಿದ್ದಾರೆ. ಇದು ತಪ್ಪಿದ್ರೆ ಮುಂದಿನ ವಾರವಂತೆ. ಚಿಕ್ಕಪ್ಪ ಬರಲಿ ಅಂತ ಮಗಳು ಹಟ ಹಿಡಿದಿದ್ದಾಳೆ. ನೀನೇನಂತೀಯ?"

ಗೋಡೆ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷವಿತ್ತು. ಇಲ್ಲೇ ಇದ್ದೀನಿ ಅತ್ತಿಗೆ ಎಂದರೆ ಸಾಕಿತ್ತು. ಬಾಯಿ ತೆರೆದ.

"ನನಗೋಸ್ಕರ ನಿಲ್ಲಿಸ್ಬೇಡಿ," ಎಂದ.

"ಆಯ್ತಪ್ಪ," ಎಂದಳು ಅತ್ತಿಗೆ. "ಕಾಯಿಲೆಯಿಂದ ಮಲಗಿದ್ದಾಗ ನಿಮ್ಮಣ್ಣ ನಿನ್ನ ನೆನೆಸ್ಕೊಳ್ಳೋರು ಕಣೋ. ಹದಿನಾಲ್ಕೇ ಗಂಟೆ ದಾರಿ, ಮನಸ್ಸು ಮಾಡಿದ್ರೆ ಬಂದೇಬಿಡ್ತಾನೆ ಅನ್ನೋರು."

ಫೋನು ಇಟ್ಟಳು. ನಿನ್ನೆ ಕೇಳುವಾಗಲೇ ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಎರಡು ದಿನ ಕಾಯಲು ಒಪ್ಪಿದ್ದಳು.

ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. ಎದ್ದರೆ ಈಗಲೂ ಹೊತ್ತಿತ್ತು. ಬಾಗಿಲಾಚೆ ಟ್ಯಾಕ್ಸಿಗಳು ಸಾಲಾಗಿ ನಿಂತಿದ್ದವು, ಜನ ಹತ್ತಿ ಹೋಗುತ್ತಿದ್ದರು. ಅವನು ಕೂತೇ ಇದ್ದ. ನಾಚಿಕೆಯೋ, ಆ ಹಳೆಯ ಹಟವೋ ಅವನಿಗೇ ತಿಳಿಯಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ನೆಲ ಒರೆಸುವವಳು ಬಂದು, ಕಾಲೆತ್ತುವಂತೆ ಸನ್ನೆ ಮಾಡಿದಳು. ಎರಡೂ ಕಾಲು ಎತ್ತಿದ. ಕುರ್ಚಿಯ ಕೆಳಗೆ, ಸುತ್ತಮುತ್ತ ಒರೆಸಿ, ಒಣಗುವವರೆಗೆ ಇಳಿಸಬೇಡವೆಂದು ಬೆರಳಾಡಿಸಿ ಮುಂದೆ ಹೋದಳು.

ನೆಲ ಹಸಿಯಾಗಿ ಹೊಳೆಯುತ್ತಿತ್ತು. ಅವನು ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ತೊಡೆ ನಡುಗತೊಡಗಿತು. ಗಡಿಯಾರ ನಾಲ್ಕು ದಾಟಿದಾಗಲೂ ಅವನ ಕಾಲು ಆ ಊರಿನ ನೆಲಕ್ಕೆ ತಾಗಿರಲಿಲ್ಲ.